ಸಿಂಗಾಪುರ, ವಿಯೆಟ್ನಾಂಗೆ ಡಾಲರ್ ಎಲ್ಲಿ ಕೊಳ್ಳುವುದು? ಮಡಿಕೇರಿಯಲ್ಲೋ, ಮೈಸೂರಲ್ಲೋ, ಏರ್‌ಪೋರ್ಟಲ್ಲೋ?

ನಾಪೋಕ್ಲು_ಕರಿಮೆಣಸು:

ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಯಲ್ಲಿ ನಾವು ನಾಲ್ಕು ಜನ, ನಾನು, ಹೆಂಡತಿ, ಅಪ್ಪ, ಅಮ್ಮ, ಮೊದಲ ಸಲ ದೇಶ ಬಿಟ್ಟು ಹೊರಗೆ ಹೊರಟಿದ್ದೇವೆ. ಸಿಂಗಾಪುರದಲ್ಲಿ ಮೂರು ದಿನ, ಆಮೇಲೆ ವಿಯೆಟ್ನಾಂನಲ್ಲಿ ಆರು ದಿನ. ಅಷ್ಟೊತ್ತಿಗೆ ಕಾಫಿ ಕುಯ್ಲು ಮುಗಿದಿರುತ್ತದೆ, ಸ್ಪ್ರಿಂಕ್ಲರ್ ಕೆಲಸ ತಮ್ಮ ನೋಡಿಕೊಳ್ಳುತ್ತಾನೆ. ಟಿಕೆಟ್, ಹೋಟೆಲ್ ಎಲ್ಲಾ ಆಗಿದೆ. ದುಡ್ಡಿನ ವಿಷಯ ಮಾತ್ರ ತಲೆ ತಿನ್ನುತ್ತಿದೆ.

1,500 ಅಮೆರಿಕನ್ ಡಾಲರ್ ನೋಟು ಬೇಕಾಗಬಹುದು ಎಂದು ಅಂದಾಜು. ಮಡಿಕೇರಿಯಲ್ಲಿ ನಮ್ಮ ಖಾತೆ ಇರುವ ಬ್ಯಾಂಕಿಗೆ ಹೋದೆ. ಡಾಲರ್ ಅಂದ ಕೂಡಲೇ ಕೌಂಟರಿನ ಹುಡುಗಿ ಮ್ಯಾನೇಜರ್ ಮುಖ ನೋಡಿದಳು, ಮ್ಯಾನೇಜರ್ ಫೋನ್ ಮುಖ ನೋಡಿದರು. ಕೊನೆಗೆ "ಮೈಸೂರಿಂದ ತರಿಸಬೇಕು, ಒಂದು ವಾರ ಆಗಬಹುದು, ರೇಟು ಆ ದಿನದ್ದು" ಎಂದರು. ಆ ದಿನದ್ದು ಅಂದರೆ ಹೆಚ್ಚುಕಡಿಮೆ ಎಷ್ಟು ಎಂದು ಕೇಳಿದೆ. "ಅದು ಆ ದಿನವೇ ಗೊತ್ತಾಗುವುದು."

ಮನೆಗೇ ತಂದು ಕೊಡುವ ಆನ್‌ಲೈನ್ ಕಂಪನಿಗಳಿವೆ ಎಂದು ಕೇಳಿ ಒಂದರಲ್ಲಿ 571201 ಎಂದು ಪಿನ್ ಹಾಕಿದೆ. ನಿಮ್ಮ ಪ್ರದೇಶದಲ್ಲಿ ಸೇವೆ ಇಲ್ಲ ಎಂದು ಬಂತು. ಮಡಿಕೇರಿಗೇ ಇಲ್ಲ, ನಾಪೋಕ್ಲಿಗೆ ಎಲ್ಲಿಂದ ಬರಬೇಕು?

ಗೂಗಲ್ ಒಂದು ರೇಟು ತೋರಿಸುತ್ತದೆ, ಫೋನ್ ಮಾಡಿದರೆ ಎಲ್ಲರೂ ಅದಕ್ಕಿಂತ ಎರಡು ಮೂರು ರೂಪಾಯಿ ಜಾಸ್ತಿ ಹೇಳುತ್ತಾರೆ. ಇದು ಮೋಸವಾ, ಇಲ್ಲ ಹೀಗೇನಾ? ಬೆಂಗಳೂರು ಏರ್‌ಪೋರ್ಟಿನಲ್ಲೇ ಕೊಂಡುಬಿಟ್ಟರೆ ರಗಳೆ ಇಲ್ಲ ಎಂದು ಅಪ್ಪ ಹೇಳುತ್ತಿದ್ದಾರೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ಮಳೆಗಾಲದ_ಕಪ್ಪೆ:

ನಮ್ಮ ರೋಬಸ್ಟಾ ಕಾಫಿ ರೇಟು ಕೆಡಿಸುವ ವಿಯೆಟ್ನಾಂಗೇ ಹೋಗಿ ದುಡ್ಡು ಖರ್ಚು ಮಾಡಿ ಬರುತ್ತೀರಾ? ಒಳ್ಳೆ ಕೊಡಗಿನವರಪ್ಪ ನೀವು.

ಹೋಂಸ್ಟೇ_ಅಕ್ಕ:

ಏರ್‌ಪೋರ್ಟ್ ಬೇಡವೇ ಬೇಡ. ನಾವು ಎರಡು ವರ್ಷದ ಹಿಂದೆ ಮಗನ ಹತ್ತಿರ ಹೋಗುವಾಗ ಅದೇ ಮಾಡಿದೆವು. ಚೆಕ್ ಇನ್ ಆಗಿ, ಕೈಯಲ್ಲಿ ಬೋರ್ಡಿಂಗ್ ಪಾಸ್ ಹಿಡಿದು, ಒಂದೂವರೆ ಗಂಟೆ ಉಳಿದಿರುವಾಗ ಕೌಂಟರ್ ಮುಂದೆ ನಿಂತರೆ ಯಾರು ಚೌಕಾಸಿ ಮಾಡುತ್ತಾರೆ? ಅವರಿಗೂ ಅದು ಗೊತ್ತು. ಪೇಟೆ ರೇಟಿಗಿಂತ ಡಾಲರಿಗೆ ಆರು ರೂಪಾಯಿ ಜಾಸ್ತಿ ಕೊಟ್ಟೆವು. ಬಿಲ್ ನೋಡಿದ್ದು ವಿಮಾನದಲ್ಲಿ ಕೂತ ಮೇಲೆ. ನಮ್ಮ ಮನೆಯವರು ಊಟ ಕೂಡ ಬೇಡ ಎಂದರು, ಅಷ್ಟು ಸಿಟ್ಟು.

ಕೌಂಟರ್_ಹಿಂದಿನವ:

ನಾನು ಬೆಂಗಳೂರಿನಲ್ಲಿ ಐದು ವರ್ಷ ಮನಿ ಚೇಂಜರ್ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ, ಈಗ ಗೋಣಿಕೊಪ್ಪಕ್ಕೆ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಒಳಗಿನ ಲೆಕ್ಕ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗೂಗಲಲ್ಲಿ ಕಾಣುವುದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ವ್ಯವಹಾರ ಮಾಡುವ ದರ. ಅದು ನಿಮಗೂ ಸಿಗಲ್ಲ, ನನಗೂ ಸಿಗಲ್ಲ. ಅದರ ಮೇಲೆ ಅಂಗಡಿಯವರು ಪೈಸೆ ಹಾಕುತ್ತಾರೆ. ನಾವು ಒಳಗೆ ಹಾಗೇ ಮಾತಾಡುತ್ತಿದ್ದೆವು, "ಈ ಪಾರ್ಟಿಗೆ ಎಷ್ಟು ಪೈಸೆ ಹಾಕಲಿ?" ಪರಿಚಯದ ಟ್ರಾವೆಲ್ ಏಜೆಂಟ್ ಕಳಿಸಿದವರಿಗೆ 60 ಪೈಸೆ, ಫೋನ್ ಮಾಡಿ ನಾಲ್ಕು ಕಡೆ ವಿಚಾರಿಸಿ ಬಂದವರಿಗೆ 1 ರೂಪಾಯಿ, ಸುಮ್ನೆ ಬಾಗಿಲು ತಳ್ಳಿಕೊಂಡು ಬಂದು "ಡಾಲರ್ ಇದೆಯಾ" ಎಂದವರಿಗೆ 2 ರೂಪಾಯಿ, 3 ರೂಪಾಯಿ. ಒಂದೇ ದಿನ, ಒಂದೇ ಕೌಂಟರ್. ಅದಕ್ಕೇ ಹೇಳುವುದು, ಬೋರ್ಡಿನಲ್ಲಿ ಬರೆದ ರೇಟು ಕೊನೆಯ ಮಾತಲ್ಲ. ಕೇಳಿದರೆ ಇಳಿಯುತ್ತದೆ.

ಇನ್ನೊಂದು, ನೋಟಿನ ರೇಟು ಬೇರೆ, ಫಾರೆಕ್ಸ್ ಕಾರ್ಡಿನ (ವಿದೇಶಿ ಹಣ ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡ್) ರೇಟು ಬೇರೆ. ನೋಟನ್ನು ಹೊರದೇಶದಿಂದ ತರಿಸಬೇಕು, ವಿಮೆ, ಸಾಗಣೆ, ಗೋಡೌನ್ ಎಲ್ಲಾ ಇದೆ. ಕಾರ್ಡ್ ಅಂದರೆ ಕಂಪ್ಯೂಟರಿನಲ್ಲಿ ಅಂಕಿ. ಹಾಗಾಗಿ ಕಾರ್ಡ್ ಸಾಮಾನ್ಯವಾಗಿ ಅಗ್ಗ. ಫೋನಿನಲ್ಲಿ ಕಾರ್ಡ್ ರೇಟು ಹೇಳಿ, ನೀವು ಬಂದ ಮೇಲೆ "ಓ ನಿಮಗೆ ನೋಟಾ?" ಎಂದು ಏರಿಸುವುದು ಹಳೇ ಆಟ. ನಾನೂ ಆಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ "ಝೀರೋ ಕಮಿಷನ್" ಎಂಬ ಬೋರ್ಡು. ಅದಕ್ಕೆ ಬೆಲೆಯೇ ಇಲ್ಲ. ಕಮಿಷನ್ ರೇಟಿನ ಒಳಗೇ ಕೂತಿರುತ್ತದೆ. ಲೆಕ್ಕಕ್ಕೆ ಮಾರುಕಟ್ಟೆಯಲ್ಲಿ ಡಾಲರ್ 90 ಎಂದಿಟ್ಟುಕೊಳ್ಳಿ. ಒಬ್ಬ ಝೀರೋ ಕಮಿಷನ್, ರೇಟು 92.50 ಎನ್ನುತ್ತಾನೆ. 1,500 ಡಾಲರಿಗೆ 1,38,750 ರೂಪಾಯಿ. ಇನ್ನೊಬ್ಬ 91 ರೂಪಾಯಿ, ಮೇಲೆ 300 ಸರ್ವಿಸ್ ಚಾರ್ಜ್ ಎನ್ನುತ್ತಾನೆ. 1,36,800. ಚಾರ್ಜ್ ಹಾಕಿದವನೇ 1,950 ಅಗ್ಗ. ಆದರೆ ಜನ 300 ಅಂದ ಕೂಡಲೇ ಎದ್ದು ಝೀರೋ ಕಮಿಷನ್‌ನವನ ಹತ್ತಿರ ಹೋಗುತ್ತಾರೆ, ನೋಡಿದ್ದೇನೆ.

ಜಿಎಸ್‌ಟಿ ಎಲ್ಲರಿಗೂ ಒಂದೇ ಲೆಕ್ಕ. 1 ಲಕ್ಷದವರೆಗೆ ಮೊತ್ತದ ಶೇಕಡಾ 1ನ್ನು ಸೇವೆಯ ಬೆಲೆ ಎಂದು ಹಿಡಿದು (ಕಡಿಮೆ ಎಂದರೆ 250 ರೂಪಾಯಿ) ಅದರ ಮೇಲೆ ಶೇಕಡಾ 18. 1 ಲಕ್ಷ ದಾಟಿದರೆ 10 ಲಕ್ಷದವರೆಗೆ 1,000 ರೂಪಾಯಿ ಮತ್ತು ದಾಟಿದ ಭಾಗದ ಶೇಕಡಾ ಅರ್ಧ, ಅದರ ಮೇಲೆ 18. ಅಂದರೆ ನಿಮ್ಮ 1,500 ಡಾಲರಿಗೆ ಜಿಎಸ್‌ಟಿ 215 ರೂಪಾಯಿ ಆಸುಪಾಸು. ಇದಕ್ಕಿಂತ ಜಾಸ್ತಿ ಬಿಲ್ಲಿನಲ್ಲಿ ಕಂಡರೆ ಕೂತು ಕೇಳಿ.

ಔಟ್‌ಟರ್ನ್_28:

ಕೌಂಟರ್ ಹೇಳಿದ್ದು ಸರಿ. ನಾನು ಇದನ್ನು ನಮ್ಮ ಭಾಷೆಗೆ ಇಳಿಸುತ್ತೇನೆ. ಕರಿಮೆಣಸು ಅವರೇ, ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರುವಾಗ ನೀವು ರೇಟು ಮಾತ್ರ ಕೇಳಿ ಲಾರಿ ಹತ್ತಿಸುತ್ತೀರಾ? ಇಲ್ಲ ಅಲ್ವಾ. ಔಟ್‌ಟರ್ನ್ (ಮೂಟೆಯಿಂದ ಬರುವ ಬೀಜದ ತೂಕ) ಎಷ್ಟು ಹಿಡಿಯುತ್ತಾನೆ, ತೇವಕ್ಕೆ ಎಷ್ಟು ಕಳೆಯುತ್ತಾನೆ, ಚೀಲದ ತೂಕ ಎಷ್ಟು ಎಂದು ಎಲ್ಲಾ ಕೇಳಿ, ಕೊನೆಗೆ "50 ಕೆಜಿ ಮೂಟೆಗೆ ಕೈಗೆ ಎಷ್ಟು?" ಎಂದು ಕೇಳುತ್ತೀರಿ. ಇಲ್ಲೂ ಅದೇ ಪ್ರಶ್ನೆ. ರೇಟು ಎಷ್ಟು ಎಂದು ಕೇಳಲೇಬೇಡಿ. "ನನಗೆ 1,500 ಡಾಲರ್ ನೋಟು ಕೈಗೆ ಬರಬೇಕು, ಎಲ್ಲಾ ಸೇರಿ ನನ್ನ ಖಾತೆಯಿಂದ ಎಷ್ಟು ಹೋಗುತ್ತದೆ?" ಇಷ್ಟೇ. ಮೂರು ಕಡೆ ಇದೊಂದೇ ವಾಕ್ಯ ಹೇಳಿ, ಬಂದ ಅಂಕಿ ಬರೆದುಕೊಳ್ಳಿ. ವಾಟ್ಸಾಪಿನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಮತ್ತೆ ನಾವು ಕಾಫಿಯವರು ದಿನಾ ಬೆಳಗ್ಗೆ ಲಂಡನ್ ರೋಬಸ್ಟಾ ಟನ್ನಿಗೆ ಎಷ್ಟು ಡಾಲರ್ ಎಂದು ನೋಡುವ ಜನ, ಡಾಲರ್ ನಮಗೆ ಹೊಸದಲ್ಲ. ಆದರೆ ಯಾವಾಗಲೂ ಮಾರುವ ಕಡೆ ನಿಂತು ನೋಡಿದ್ದೇವೆ. ರೂಪಾಯಿ ಬಿದ್ದರೆ ನಮಗೆ ಒಳಗೊಳಗೇ ಖುಷಿ. ಈಗ ನೀವು ಕೊಳ್ಳುವ ಕಡೆ ಹೋಗಿದ್ದೀರಿ, ಅಷ್ಟೇ ವ್ಯತ್ಯಾಸ.

ಕುಶಾಲನಗರ_ಬೈಕು:

ಇಷ್ಟೆಲ್ಲಾ ಯಾಕೆ? ಬೈಲುಕುಪ್ಪೆ ಕಡೆ ಗೋಲ್ಡನ್ ಟೆಂಪಲ್‌ಗೆ ಹೊರದೇಶದವರು ಬರುತ್ತಲೇ ಇರುತ್ತಾರೆ. ಅಲ್ಲಿ ಡಾಲರ್ ಬದಲಿಸುವವರು ಯಾರಾದರೂ ಇದ್ದೇ ಇರುತ್ತಾರೆ. ಅವರ ಹತ್ತಿರ ಕೇಳಿ, ಮೈಸೂರಿಗೆ ಹೋಗುವ ಪೆಟ್ರೋಲ್ ಉಳಿಯುತ್ತದೆ.

ಹೋಂಸ್ಟೇ_ಅಕ್ಕ:

ಹಾಗಾದರೆ ನಾನೂ ಒಂದು ಕೇಳಲಾ? ನಮ್ಮ ಹೋಂಸ್ಟೇಗೆ ಬರುವ ಗೆಸ್ಟ್ ಕೆಲವರು ಡಾಲರ್, ಯೂರೋ ಕೊಡಲು ಬರುತ್ತಾರೆ. ನಾನು ಇಟ್ಟುಕೊಂಡು ಕರಿಮೆಣಸು ಅವರಿಗೆ ಕೊಟ್ಟರೆ ಇಬ್ಬರಿಗೂ ಲಾಭ ಅಲ್ವಾ? ಮಧ್ಯದ ಪೈಸೆಯೇ ಇಲ್ಲ.

ಕೌಂಟರ್_ಹಿಂದಿನವ:

ಅಕ್ಕಾ, ಬೇಡ. ಫೆಮಾ, ಅಂದರೆ ವಿದೇಶಿ ವಿನಿಮಯದ ಕಾಯ್ದೆ ಪ್ರಕಾರ ವಿದೇಶಿ ಹಣ ಕೊಳ್ಳುವುದು, ಮಾರುವುದು ರಿಸರ್ವ್ ಬ್ಯಾಂಕ್ ಅನುಮತಿ ಇದ್ದವರ ಜೊತೆ ಮಾತ್ರ. ಗೆಸ್ಟ್‌ಗೆ ಯುಪಿಐ ಇಲ್ಲದಿದ್ದರೆ ಕಾರ್ಡ್ ಮಷಿನ್ ಇಡಿ.

ಬೈಕು ಅವರಿಗೆ: ಪ್ರವಾಸಿಗಳಿರುವ ಕಡೆಯ ಅನುಮತಿ ಪಡೆದ ಸಣ್ಣ ಅಂಗಡಿಗಳು, ರೆಸಾರ್ಟ್‌ಗಳು ಸಾಮಾನ್ಯವಾಗಿ ಹೊರದೇಶದವರ ಹತ್ತಿರ ನೋಟು ಕೊಂಡು ರೂಪಾಯಿ ಕೊಡಬಹುದು, ನಮಗೆ ಮಾರುವ ಹಾಗಿಲ್ಲ. ಆದರೂ ಮಾರುತ್ತೇನೆ ಎಂದರೆ ಬಿಲ್ ಇರಲ್ಲ. ಬಿಲ್ ಇಲ್ಲದಿದ್ದರೆ ನೋಟು ಖೋಟಾ ಬಂದರೂ ಕೇಳುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಎಲ್ಲಿಂದ ತಂದಿರಿ ಎಂದರೆ ತೋರಿಸಲು ಏನೂ ಇಲ್ಲ. ಅನುಮತಿ ಇರುವವರ ಪಟ್ಟಿ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲೇ ಇದೆ, ಊರು ಸಮೇತ. ಹೋಗುವ ಮೊದಲು ಎರಡು ನಿಮಿಷ ನೋಡಿ.

ಕುಶಾಲನಗರ_ಬೈಕು:

ಸರಿ ಸರಿ, ಸುಮ್ನೆ ಹೇಳಿದೆ.

ಗಲ್ಫ್_ರಿಟರ್ನ್_ಸಿದ್ದಾಪುರ:

ನನ್ನ ಕಥೆ ಕೇಳಿ. ಕಳೆದ ವರ್ಷ ಉಮ್ರಾ ಯಾತ್ರೆಗೆ ಸೌದಿಗೆ ಹೋಗುವಾಗ ರಿಯಾಲ್ ಬೇಕಿತ್ತು. ಮೆಣಸು ಮಾರಿದ ದುಡ್ಡು ಮನೆಯಲ್ಲೇ ಇತ್ತು. 500ರ ಎರಡು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಅಡಿಕೆ ಚೀಲದಲ್ಲಿ ಸುತ್ತಿ ಮೈಸೂರಿಗೆ ಹೋದೆ. ಕೌಂಟರಿನವನು ಮೊದಲು ಚೀಲ ನೋಡಿದ, ಆಮೇಲೆ ನನ್ನ ನೋಡಿದ. "ಸರ್, 50,000ಕ್ಕಿಂತ ಮೇಲೆ ಕ್ಯಾಶ್ ತೆಗೆದುಕೊಳ್ಳಲ್ಲ, ಖಾತೆಯಿಂದ ಬರಬೇಕು." ನನ್ನ ಬ್ಯಾಂಕ್ ಖಾತೆಯಲ್ಲಿ ಆ ದಿನ 11,000 ಇತ್ತು. ಹತ್ತಿರದ ಬ್ರಾಂಚ್ ಹುಡುಕಿ, ಕ್ಯೂ ನಿಂತು, ದುಡ್ಡು ಖಾತೆಗೆ ಕಟ್ಟಿ, ವಾಪಸ್ ಬರುವಷ್ಟರಲ್ಲಿ ಮೂರೂವರೆ. ಊಟ ಇಲ್ಲ. ರಾತ್ರಿ ತಿತಿಮತಿ ಹತ್ತಿರ ಆನೆ ರಸ್ತೆಯಲ್ಲಿ ನಿಂತಿತ್ತು, ಅರ್ಧ ಗಂಟೆ ಕಾರಿನ ಲೈಟ್ ಆಫ್ ಮಾಡಿ ಕೂತೆವು. ರಿಯಾಲಿಗೆ ಎಷ್ಟು ಪೈಸೆ ಉಳಿಯಿತು ಎಂದು ಯಾರಿಗೆ ಬೇಕು ಆಮೇಲೆ.

ಹಾಗಾಗಿ ದುಡ್ಡು ಮೊದಲೇ ಖಾತೆಯಲ್ಲಿ ಇರಲಿ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ವೀಸಾ, ಟಿಕೆಟ್ ಇವುಗಳ ಪ್ರತಿ ಇಟ್ಟುಕೊಳ್ಳಿ. ಪ್ರಯಾಣಕ್ಕೆ 60 ದಿನದ ಒಳಗೆ ಮಾತ್ರ ಕೊಡುತ್ತಾರೆ.

ರಿಯಾಲ್ ಕೊಳ್ಳುವವರಿಗೆ ಒಂದು ಮಾತು: ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75ಕ್ಕೇ ಕಟ್ಟಿ ಹಾಕಿದ್ದಾರೆ. ಆ ದಿನದ ಡಾಲರ್ ದರವನ್ನು 3.75ರಿಂದ ಭಾಗಿಸಿದರೆ ರಿಯಾಲಿನ ನಿಜವಾದ ಬೆಲೆ ಸಿಗುತ್ತದೆ. ಅಂಗಡಿಯವನು ಎಷ್ಟು ಜಾಸ್ತಿ ಹಾಕಿದ್ದಾನೆ ಎಂದು ಅಲ್ಲೇ ನಿಂತು ಗೊತ್ತಾಗುತ್ತದೆ. ದುಬೈ ದಿರ್ಹಮ್ ಕೂಡ ಹಾಗೇ, 3.6725.

ನಾಪೋಕ್ಲು_ಕರಿಮೆಣಸು:

ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಇನ್ನೂ ಮೂರು ಅನುಮಾನ ಇದೆ. ಒಂದು, ಡಾಲರ್ ಇನ್ನೂ ಇಳಿಯುತ್ತದೆ ಎಂದು ಪಕ್ಕದ ತೋಟದವರು ಹೇಳುತ್ತಾರೆ, ಕಾಯಬೇಕಾ? ಎರಡು, 20 ಪರ್ಸೆಂಟ್ ಟ್ಯಾಕ್ಸ್ ಕಟ್ಟಬೇಕಂತೆ, ನಿಜವಾ? ಮೂರು, ಡಾಲರ್ ಬದಲು ನೇರವಾಗಿ ಸಿಂಗಾಪುರ ಡಾಲರ್, ವಿಯೆಟ್ನಾಂ ಡಾಂಗ್ ಇಲ್ಲೇ ಕೊಂಡರೆ?

ಔಟ್‌ಟರ್ನ್_28:

ಮೊದಲನೆಯದಕ್ಕೆ ನಾನು. ಕಾಫಿ ಇಟ್ಟುಕೊಂಡು ರೇಟು ಏರುತ್ತದೆ ಎಂದು ಕಾದು ಕೊನೆಗೆ ಇಳಿದ ಮೇಲೆ ಮಾರಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ಲಂಡನ್ ಊಹಿಸಲು ಬರದವರು ಡಾಲರ್ ಊಹಿಸುತ್ತಾರಾ? 20 ಪೈಸೆ ಇಳಿದರೆ ನಿಮ್ಮ 1,500 ಡಾಲರಿಗೆ ಉಳಿಯುವುದು 300 ರೂಪಾಯಿ. ಅಂಗಡಿಯಿಂದ ಅಂಗಡಿಗೆ ಇರುವ ವ್ಯತ್ಯಾಸ ಅದರ ಐದಾರು ಪಟ್ಟು. ಕಾಯುವ ಬದಲು ನಾಲ್ಕು ಫೋನ್ ಮಾಡಿ. ಹೇಗೂ ರೂಪಾಯಿ ಇನ್ನೂ ಬಿದ್ದರೆ ನಿಮ್ಮ ಕಾಫಿಗೆ ನಾಲ್ಕು ಕಾಸು ಜಾಸ್ತಿ ಬರುತ್ತದೆ, ಆ ಕಡೆ ಹೋದದ್ದು ಈ ಕಡೆ ಬರುತ್ತದೆ.

ಒಂದೇ ಒಂದು: ಶನಿವಾರ, ಭಾನುವಾರ ಕೊಳ್ಳಬೇಡಿ. ಮಾರುಕಟ್ಟೆ ಮುಚ್ಚಿರುತ್ತದೆ, ಸೋಮವಾರ ಏನಾಗುತ್ತದೋ ಎಂದು ಅವರು ಸ್ವಲ್ಪ ಮೇಲೆ ಇಟ್ಟೇ ಹೇಳುತ್ತಾರೆ. ವಾರದ ನಡುವೆ, ಹನ್ನೊಂದು ಗಂಟೆ ಮೇಲೆ ಫೋನ್ ಮಾಡಿ. ಮಧ್ಯಾಹ್ನ ಒಂದೂವರೆ ಸುಮಾರಿಗೆ ಎಫ್‌ಬಿಐಎಲ್ ಎಂಬ ಸಂಸ್ಥೆ ದಿನದ ರೆಫರೆನ್ಸ್ ದರ ಹಾಕುತ್ತದೆ, ಅದನ್ನು ಅಳತೆಗೋಲು ಮಾಡಿಕೊಳ್ಳಿ.

ಕೌಂಟರ್_ಹಿಂದಿನವ:

ಎರಡನೆಯದು. ಅದರ ಹೆಸರು ಟಿಸಿಎಸ್, ಮಾರುವವರೇ ನಿಮ್ಮಿಂದ ಹಿಡಿದು ಕಟ್ಟುವ ತೆರಿಗೆ. ನಿಮಗೆ ಬರಲ್ಲ, ನಿದ್ದೆ ಮಾಡಿ. ಒಬ್ಬರ ಪ್ಯಾನ್ ಮೇಲೆ ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಿದ್ದು, ಕೊಂಡದ್ದು ಎಲ್ಲಾ ಸೇರಿ 10 ಲಕ್ಷ ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ ಪ್ರವಾಸದ ಲೆಕ್ಕದಲ್ಲಿ ಶೇಕಡಾ 20. ಮೊದಲು ಈ ಮಿತಿ 7 ಲಕ್ಷ ಇತ್ತು, 2025ರ ಏಪ್ರಿಲ್ 1ರಿಂದ 10 ಮಾಡಿದರು. ಅದು ಕಳೆದುಹೋಗುವ ದುಡ್ಡೂ ಅಲ್ಲ, ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಇಲ್ಲ ವಾಪಸ್ ಬರುತ್ತದೆ. ಟೂರ್ ಪ್ಯಾಕೇಜ್ ಕೊಂಡರೆ ಅದರ ನಿಯಮ ಬೇರೆ, ನೀವು ಬಿಡಿಬಿಡಿಯಾಗಿ ಬುಕ್ ಮಾಡಿದ್ದೀರಿ.

ನೋಟಿಗೆ ಮಿತಿ ಇದೆ, ಒಂದು ಪ್ರವಾಸಕ್ಕೆ ಒಬ್ಬರಿಗೆ 3,000 ಡಾಲರ್. ನೀವು ಅದರ ಹತ್ತಿರವೂ ಇಲ್ಲ.

ಬ್ರಹ್ಮಗಿರಿ_ಮಂಜು:

ಮೂರನೆಯದಕ್ಕೆ ನಾನು ಹೇಳುತ್ತೇನೆ, ಈ ಎರಡೂ ದೇಶಕ್ಕೆ ಹೋಗಿ ಬಂದಿದ್ದೇನೆ.

ಡಾಂಗ್ ಇಲ್ಲಿ ಕೊಳ್ಳಬೇಡಿ. ಇಲ್ಲಿ ಅಪರೂಪದ ನೋಟು, ಅಪರೂಪಕ್ಕೆ ತಕ್ಕ ರೇಟು. ಡಾಲರ್ ಒಯ್ದು ಅಲ್ಲಿ ಬದಲಿಸಿ. ಎರಡು ಸಲ ಬದಲಿಸಿದರೆ ಎರಡು ಸಲ ಕಳೆದುಕೊಂಡ ಹಾಗೆ ಅನ್ನಿಸುತ್ತದೆ, ಆದರೆ ಅಲ್ಲಿ ಡಾಲರಿಗೆ ಪೈಪೋಟಿ ಜಾಸ್ತಿ, ಕಳೆಯುವುದು ಸ್ವಲ್ಪ. 100ರ ನೋಟು ಒಯ್ಯಿರಿ, ಸಣ್ಣ ನೋಟಿಗೆ ರೇಟು ಕಡಿಮೆ ಕೊಡುತ್ತಾರೆ. ನೋಟು ಗರಿಗರಿ ಇರಬೇಕು. ಪೆನ್ನಿನ ಗೀಟು, ಸೀಲಿನ ಗುರುತು, ಮೂಲೆ ಹರಿದದ್ದು ಇದ್ದರೆ ಕೌಂಟರಿನಲ್ಲೇ ಬೇರೆ ಕೇಳಿ, ನಾಚಿಕೆ ಬೇಡ. ನನ್ನ ಒಂದು ನೋಟಿನ ಮೇಲೆ ಯಾರೋ ನೀಲಿ ಪೆನ್ನಿನಲ್ಲಿ 7 ಎಂದು ಬರೆದಿದ್ದರು. ಹನೋಯ್‌ನಲ್ಲಿ ಮೂರು ಕಡೆ ವಾಪಸ್ ಕೊಟ್ಟರು. ಅದು ನನ್ನ ಜೊತೆಗೇ ವಿರಾಜಪೇಟೆಗೆ ವಾಪಸ್ ಬಂತು.

ಅಲ್ಲಿ ಚಿನ್ನದಂಗಡಿಯಲ್ಲಿ ಬದಲಿಸುವ ರೂಢಿ ಹಿಂದಿಂದ ಇದೆ. ಅನುಮತಿ ಇರುವ ಅಂಗಡಿ ಅಥವಾ ಬ್ಯಾಂಕಿನಲ್ಲೇ ಮಾಡಿ, ಅನುಮತಿ ಇಲ್ಲದ ಕಡೆ ಸಿಕ್ಕಿಬಿದ್ದರೆ ಬದಲಿಸಿದವರಿಗೂ ದಂಡ ಬೀಳಬಹುದು.

ಫಾರೆಕ್ಸ್ ಕಾರ್ಡಿನ ಬಗ್ಗೆ ಎಚ್ಚರ. ಅದರಲ್ಲಿ ಸಿಂಗಾಪುರ ಡಾಲರ್ ತುಂಬಿಸಬಹುದು, ಡಾಂಗ್ ಸಾಮಾನ್ಯವಾಗಿ ಇರಲ್ಲ. ಅಮೆರಿಕನ್ ಡಾಲರ್ ತುಂಬಿದ ಕಾರ್ಡನ್ನು ವಿಯೆಟ್ನಾಂನಲ್ಲಿ ಉಜ್ಜಿದರೆ ಕರೆನ್ಸಿ ಬದಲಾವಣೆ ಎಂದು ಮತ್ತೆ ಶೇಕಡಾ 3, 3.5 ಕಡಿಯುತ್ತಾರೆ. ಕಾರ್ಡಿನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ. ಮಾಮೂಲಿ ಕ್ರೆಡಿಟ್ ಕಾರ್ಡ್ ಕೂಡ ಅಷ್ಟೇ, 3.5 ಮತ್ತು ಅದರ ಮೇಲೆ ಜಿಎಸ್‌ಟಿ. ಈಗ ಈ ಕಡಿತ, ಅಂದರೆ ಮಾರ್ಕ್‌ಅಪ್, ಇಲ್ಲದ ಕಾರ್ಡುಗಳು ಬಂದಿವೆ, ಅದಿದ್ದರೆ ಸಿಂಗಾಪುರದಲ್ಲಿ ನೋಟೇ ಬೇಡ ಅನ್ನುವಷ್ಟು ಆರಾಮ. ಮೆಟ್ರೋ ಗೇಟಿಗೂ ಅದನ್ನೇ ತಟ್ಟಿದರೆ ಸಾಕು. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಎಟಿಎಂನಿಂದ ದುಡ್ಡು ಮಾತ್ರ ತೆಗೆಯಬೇಡಿ, ಮೊದಲ ದಿನದಿಂದಲೇ ಬಡ್ಡಿ.

ಮತ್ತೆ ಕಾರ್ಡ್ ಉಜ್ಜುವ ಮಷಿನ್ ಕೇಳುತ್ತದೆ, ರೂಪಾಯಿಯಲ್ಲಿ ಕಡಿಯಲಾ, ಇಲ್ಲಿನ ಹಣದಲ್ಲಿ ಕಡಿಯಲಾ ಎಂದು. ರೂಪಾಯಿ ನೋಡಿದ ಕೂಡಲೇ ನಮ್ಮೂರಿನವರು ಸಿಕ್ಕ ಹಾಗೆ ಖುಷಿ ಆಗುತ್ತದೆ. ಒತ್ತಬೇಡಿ. ಆ ರೂಪಾಯಿ ಲೆಕ್ಕ ಅಂಗಡಿಯ ಬ್ಯಾಂಕಿನವರು ತಮಗೆ ಬೇಕಾದ ಹಾಗೆ ಹಾಕಿದ್ದು. ಯಾವಾಗಲೂ ಅಲ್ಲಿನ ಹಣ.

ಮಳೆಗಾಲದ_ಕಪ್ಪೆ:

ನನಗೆ ಆ ರೂಪಾಯಿ ಬಟನ್‌ನಿಂದ ಒಂದು ರಾತ್ರಿಗೆ 900 ರೂಪಾಯಿ ಹೋಯಿತು. ಯಾವ ದೇಶ ಎಂದು ಹೇಳಲ್ಲ, ಹೆಂಡತಿ ಈ ಗುಂಪಿನಲ್ಲಿದ್ದಾಳೆ.

ಗಲ್ಫ್_ರಿಟರ್ನ್_ಸಿದ್ದಾಪುರ:

ಸಿಂಗಾಪುರದಲ್ಲಿ ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರಿನಲ್ಲಿ ಭಾರತದ ರೂಪಾಯಿಯನ್ನೇ ಬದಲಿಸಿಕೊಳ್ಳಬಹುದು, ರೇಟು ಪರವಾಗಿಲ್ಲ. ಇಲ್ಲಿಂದ ಹೊರಡುವಾಗ ಒಬ್ಬರು 25,000 ರೂಪಾಯಿವರೆಗೆ ಒಯ್ಯಬಹುದು. ನಾಲ್ಕು ಜನ ಇದ್ದೀರಲ್ಲ, ಸ್ವಲ್ಪ ಇಟ್ಟುಕೊಳ್ಳಿ. ನಾನು ಹಾಗೇ ಮಾಡಿದ್ದು.

ಔಟ್‌ಟರ್ನ್_28:

ಒಂದು ವಿಷಯ ಯಾರೂ ಹೇಳಲಿಲ್ಲ. ನಾಪೋಕ್ಲಿನಿಂದ ಮೈಸೂರಿಗೆ ಹೋಗಿ ಬರಲು 280 ಕಿಲೋಮೀಟರ್. ಲೀಟರಿಗೆ 15 ಕೊಟ್ಟರೂ 1,900 ರೂಪಾಯಿ ಪೆಟ್ರೋಲ್. ಒಂದು ದಿನ ಹಾಳು, ಹುಣಸೂರಿನ ಇಡ್ಲಿ ಬೇರೆ. 1,500 ಡಾಲರಿನಲ್ಲಿ ಚೌಕಾಸಿ ಮಾಡಿ ಉಳಿಸುವುದೂ ಅಷ್ಟೇ. ಬೇರೆ ಕೆಲಸ ಇಟ್ಟುಕೊಂಡು ಹೋಗಿ, ಇಲ್ಲ ಅಂದರೆ ವಿಮಾನಕ್ಕೆ ಒಂದು ದಿನ ಮೊದಲೇ ಬೆಂಗಳೂರಿಗೆ ಹೋಗಿ ಪೇಟೆಯಲ್ಲಿ ಕೊಳ್ಳಿ. ಅಥವಾ ನಿಮ್ಮ ಮಡಿಕೇರಿ ಬ್ಯಾಂಕಿಗೇ ಇನ್ನೊಂದು ಸಲ ಹೋಗಿ, "ಎಲ್ಲಾ ಸೇರಿ ಎಷ್ಟು" ಎಂದು ಬರೆಸಿಕೊಂಡು ಬನ್ನಿ. ಒಂದು ರೂಪಾಯಿ ಜಾಸ್ತಿ ಆದರೂ ಮನೆ ಹತ್ತಿರದ್ದೇ ಅಗ್ಗ.

ಕೌಂಟರ್_ಹಿಂದಿನವ:

ಒಪ್ಪಿದೆ. ಆದರೆ ಬ್ಯಾಂಕಿನವರು ಒಂದೇ ರೂಪಾಯಿ ಜಾಸ್ತಿ ಹೇಳುತ್ತಾರೆ ಎಂಬ ನಂಬಿಕೆ ನನಗಿಲ್ಲ.

ನಾಪೋಕ್ಲು_ಕರಿಮೆಣಸು:

ಅಪ್‌ಡೇಟ್. ಅಮ್ಮನ ಕಣ್ಣಿನ ಪರೀಕ್ಷೆ ಮೈಸೂರಿನಲ್ಲಿ ಹೇಗೂ ಬಾಕಿ ಇತ್ತು, ಬುಧವಾರ ಎರಡೂ ಒಟ್ಟಿಗೆ ಮುಗಿಸಿದೆವು. ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದ್ದರು, ನಾನು ಹೊರಗೆ ಬೆಂಚಿನಲ್ಲಿ ಕೂತು ಫೋನ್ ಮಾಡಿದೆ. ನೋಟು 1,500 ಬೇಡ, 1,000 ಸಾಕು ಎಂದು ಇಳಿಸಿದೆ, ಉಳಿದದ್ದಕ್ಕೆ ಮಾರ್ಕ್‌ಅಪ್ ಇಲ್ಲದ ಕಾರ್ಡ್ ಮಾಡಿಸಿಕೊಂಡಿದ್ದೇನೆ.

ಮೊದಲನೆಯವರು 92.40. ಎರಡನೆಯವರು 91.60. ಮೂರನೆಯವರು 91.10. ಮೂರನೆಯವರ ಹತ್ತಿರ ಹೋದರೆ, ಕೌಂಟರ್ ಹೇಳಿದ ಆಟವೇ! "ಸರ್ ಅದು ಕಾರ್ಡ್ ರೇಟು, ನೋಟಿಗೆ 91.75." ನನಗೆ ಸಿಟ್ಟು ಬರುವ ಬದಲು ನಗು ಬಂತು. ಅಲ್ಲಿಂದಲೇ ಎರಡನೆಯವರಿಗೆ ಫೋನ್ ಮಾಡಿ, ನಾನು ಇಲ್ಲೇ ರಸ್ತೆಯಲ್ಲಿದ್ದೇನೆ, 91.20 ಮಾಡಿದರೆ ಐದು ನಿಮಿಷದಲ್ಲಿ ಬರುತ್ತೇನೆ ಎಂದೆ. ಎರಡು ಸೆಕೆಂಡ್ ಮೌನ. "ಬನ್ನಿ ಸರ್."

91,200, ಜಿಎಸ್‌ಟಿ 164, ಒಟ್ಟು 91,364. ಮೊದಲನೆಯವರ ಹತ್ತಿರ ಆಗಿದ್ದರೆ 1,200 ಜಾಸ್ತಿ. ಹತ್ತು ನೋಟನ್ನೂ ಅಮ್ಮ ಬೆಳಕಿಗೆ ಹಿಡಿದು ನೋಡಿದರು. ಡ್ರಾಪ್ಸ್ ಹಾಕಿದ ಕಣ್ಣಿಗೆ ಏನು ಕಂಡಿತೋ, ಒಂದನ್ನು ಬದಲಿಸಿ ಕೊಡಿ ಎಂದರು. ನೋಡಿದರೆ ನಿಜವಾಗಿಯೂ ಮೂಲೆ ಹರಿದಿತ್ತು.

ಹೋಂಸ್ಟೇ_ಅಕ್ಕ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಕಾರ್ಡನ್ನು ಹೊರದೇಶಕ್ಕೆ ಆನ್ ಮಾಡಿಸಿದ್ದೀರಾ? ಹೊಸ ಕಾರ್ಡ್ ಬರುವಾಗ ಭಾರತಕ್ಕೆ ಮಾತ್ರ ಆನ್ ಇರುತ್ತದೆ, ಆ್ಯಪಿನಲ್ಲಿ ನಾವೇ ಬದಲಿಸಬೇಕು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೋದ ಹಾಗೆ ಅಲ್ಲಿ ಸಿಮ್ ಕೆಲಸ ಮಾಡದೇ ಇದ್ದರೆ ಒಟಿಪಿ ಕೂಡ ಬರಲ್ಲ. ಹೊರಡುವ ಮೊದಲೇ ಮಾಡಿ.

ನಾಪೋಕ್ಲು_ಕರಿಮೆಣಸು:

ಒಳ್ಳೆಯದಾಯಿತು ಹೇಳಿದ್ದು, ಆಫ್ ಇತ್ತು!

ನಾಪೋಕ್ಲು_ಕರಿಮೆಣಸು:

ವಾಪಸ್ ಬಂದೆವು, ಎಲ್ಲರೂ ಕೇಳುತ್ತಿದ್ದೀರಿ, ಬರೆಯುತ್ತಿದ್ದೇನೆ. ಸಿಂಗಾಪುರದಲ್ಲಿ ನೋಟು ಖರ್ಚಾದದ್ದು ತುಂಬಾ ಕಡಿಮೆ. ಮುಸ್ತಫಾದಲ್ಲಿ ರೂಪಾಯಿ ಬದಲಿಸಿದ್ದೇ ಸಾಕಾಯಿತು, ಉಳಿದದ್ದು ಕಾರ್ಡ್.

ವಿಯೆಟ್ನಾಂನಲ್ಲಿ ಅಪ್ಪ ಒಂದು ದಿನ ಕಾಫಿ ಸೀಮೆ ನೋಡಲೇಬೇಕು ಎಂದು ಹಟ ಹಿಡಿದರು. ಬುವೋನ್ ಮಾ ಥುವೋಟ್‌ಗೆ ಹೋದೆವು. ನೆರಳಿನ ಮರ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಬುಡಬುಡಕ್ಕೆ ಪೈಪ್ ಹಿಡಿದು ನೀರು ಬಿಡುತ್ತಿದ್ದರು. ಅಪ್ಪ ಭಾಷೆ ಬರದಿದ್ದರೂ ಆ ರೈತನ ಜೊತೆ ಒಂದು ಗಂಟೆ ಮಾತಾಡಿದರು, ಹೇಗೆ ಎಂದು ನನಗೆ ಗೊತ್ತಿಲ್ಲ.

ಆ ಕಡೆ ಹಳ್ಳಿಯಲ್ಲಿ ಕಾರ್ಡೂ ನಡೆಯಲಿಲ್ಲ, ಡಾಲರೂ ನಡೆಯಲಿಲ್ಲ, ಡಾಂಗ್ ಮಾತ್ರ. ಮಂಜು ಅವರೇ, ನೀವು ಒಂದು ಹೇಳುವುದು ಮರೆತಿರಿ. ಅಲ್ಲಿನ 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ! ಎರಡೂ ಪ್ಲಾಸ್ಟಿಕ್, ಸಂಜೆ ಬೆಳಕಿನಲ್ಲಿ ಅಣ್ಣತಮ್ಮ. ಅಪ್ಪ ಎಳನೀರಿಗೆ 20,000 ಎಂದು 5 ಲಕ್ಷ ಕೊಟ್ಟು ಬಂದುಬಿಟ್ಟರು. 70 ರೂಪಾಯಿ ಎಳನೀರಿಗೆ 1,700 ರೂಪಾಯಿ. ಅರ್ಧ ರಸ್ತೆ ದಾಟಿದ ಮೇಲೆ ಆ ಹೆಂಗಸು ಕತ್ತಿ ಹಿಡಿದುಕೊಂಡೇ ಓಡಿ ಬಂದಳು. ನಾವು ಹೆದರಿದೆವು. ಅವಳು ನೋಟು ಅಪ್ಪನ ಕೈಯಲ್ಲಿಟ್ಟು, ತಲೆ ಅಲ್ಲಾಡಿಸಿ, ಇನ್ನೊಂದು ನೀಲಿ ನೋಟು ತೋರಿಸಿ ಇದು ಎಂದು ಬೆರಳು ಮಾಡಿದಳು. ಅಪ್ಪ ಇನ್ನೂ ನಾಲ್ಕು ಎಳನೀರು ಕೊಂಡರು.

ಬ್ರಹ್ಮಗಿರಿ_ಮಂಜು:

ಅಯ್ಯೋ ಅದು ನಿಜ, ಹೇಳಬೇಕಿತ್ತು. ನಾನು 5 ಲಕ್ಷದ್ದನ್ನು ಬೇರೆ ಜೇಬಿನಲ್ಲಿ ಇಡುತ್ತಿದ್ದೆ. ಎಷ್ಟು ಉಳಿಯಿತು?

ನಾಪೋಕ್ಲು_ಕರಿಮೆಣಸು:

300 ಡಾಲರ್. ವಾಪಸ್ ಮಾರಲು ಒಬ್ಬರನ್ನು ಕೇಳಿದೆ, 88 ಹೇಳಿದರು. ಕೊಳ್ಳುವಾಗ 91.20, ಮಾರುವಾಗ 88. ಕೊಡಲಿಲ್ಲ.

ಕೌಂಟರ್_ಹಿಂದಿನವ:

ಕೊಡಬೇಡಿ. 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ಅವಕಾಶ ಇದೆ. ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬಂದ 180 ದಿನದೊಳಗೆ ಮಾರಬೇಕು. ಬಿಲ್ಲನ್ನು ನೋಟಿನ ಜೊತೆಗೇ ಇಡಿ.

ನಾಪೋಕ್ಲು_ಕರಿಮೆಣಸು:

ಇಟ್ಟಿದ್ದೇನೆ. ಇನ್ನು ಸಿಂಗಾಪುರದ ಚಿಲ್ಲರೆ ನಾಣ್ಯ 4 ಡಾಲರ್ 35 ಸೆಂಟ್ ಉಳಿದಿದೆ, ನಾಣ್ಯ ಯಾರೂ ತೆಗೆದುಕೊಳ್ಳಲ್ಲ. ಯಾರಾದರೂ ಆ ಕಡೆ ಹೋಗುವವರಿದ್ದರೆ ನಾಪೋಕ್ಲು ಪೇಟೆಗೆ ಬಂದು ಒಯ್ಯಿರಿ, ಬದಲಿಗೆ ಒಂದು ಕಾಫಿ ಕೊಡಿಸಿದರೆ ಸಾಕು.

ಮಳೆಗಾಲದ_ಕಪ್ಪೆ:

ಲೈಸೆನ್ಸ್ ಇದೆಯಾ ನಿಮ್ಮ ಹತ್ತಿರ?